ಮೇದೋಜೀರಕ ಗ್ರಂಥಿ ಕ್ಯಾನ್ಸರ್: ಸೋಂಕಿನ ಪಾತ್ರವೆಷ್ಟು?

ಚಿಕ್ಕಬಳ್ಳಾಪುರ: ಜಠರದ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯು ಜೀರ್ಣರಸ ಹಾಗೂ ಇನ್ಸುಲಿನ್ ಸ್ರವಿಸುತ್ತದೆ. ಹೊಟ್ಟೆಯ ಆಳದಲ್ಲಿರುವ ಕಾರಣ ಇಲ್ಲಿನ ಕ್ಯಾನ್ಸರ್ ಬಹುತೇಕ ತಡವಾಗಿಯೇ ಪತ್ತೆಯಾಗುತ್ತದೆ. ಆದ್ದರಿಂದಲೇ ಮುನ್ಸೂಚನೆ ನೀಡಬಲ್ಲ ಸೂಕ್ಷ್ಮಾಣುಗಳತ್ತ ವಿಜ್ಞಾನಿಗಳ ಗಮನ ಹರಿದಿದೆ.

ವಸಡಿನ ನಂಟು: ವಸಡಿನ ರೋಗಕ್ಕೆ ಕಾರಣವಾಗುವ ಪಾರ್ಫಿರೋಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ಹೆಚ್ಚಿನ ಅನುಮಾನವಿದೆ. 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ಮುಂದೆ ಈ ಕ್ಯಾನ್ಸರ್‌ಗೆ ತುತ್ತಾದ 361 ಮಂದಿ ಹಾಗೂ ತುತ್ತಾಗದ 371 ಮಂದಿ ಮೊದಲೇ ನೀಡಿದ್ದ ಬಾಯಿಯ ಮಾದರಿಗಳನ್ನು ಹೋಲಿಸಿತು. ಬ್ಯಾಕ್ಟೀರಿಯಾ ಇದ್ದವರಲ್ಲಿ ಅಪಾಯ ಸುಮಾರು ಶೇ 60ರಷ್ಟು ಅಧಿಕವಿತ್ತು. ಆದರೆ ರೋಗವೇ ವಿರಳವಾದ್ದರಿಂದ ವ್ಯಕ್ತಿಯೊಬ್ಬರಿಗಿರುವ ಅಪಾಯ ಕಡಿಮೆಯೇ. ನಂಟಿದೆ ಎಂದ ಮಾತ್ರಕ್ಕೆ ಅದೇ ಕಾರಣವೆಂದು ಸಾಬೀತಾಗುವುದಿಲ್ಲ.

ಜಠರ, ಯಕೃತ್ತು: ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಜಠರದ ಕ್ಯಾನ್ಸರ್‌ಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1994ರಲ್ಲಿ ಘೋಷಿಸಿತು. ಮೇದೋಜೀರಕದ ವಿಷಯದಲ್ಲಿ ಫಲಿತಾಂಶಗಳು ಒಂದಕ್ಕೊಂದು ಹೊಂದುತ್ತಿಲ್ಲ. ಹೆಪಟೈಟಿಸ್ ಬಿ ವೈರಸ್ಸಿನೊಂದಿಗೂ ಕೆಲವು ಅಧ್ಯಯನಗಳು ನಂಟು ಗುರುತಿಸಿವೆ.

ಗೆಡ್ಡೆಯೊಳಗೆ: 2017ರ ಅಧ್ಯಯನವೊಂದರಲ್ಲಿ 113 ಗೆಡ್ಡೆಗಳ ಪೈಕಿ 86ರಲ್ಲಿ ಬ್ಯಾಕ್ಟೀರಿಯಾ ಕಂಡುಬಂದಿತು. ಕೆಲವು ಬ್ಯಾಕ್ಟೀರಿಯಾಗಳು ಜೆಮ್ಸಿಟಾಬಿನ್ ಎಂಬ ಕ್ಯಾನ್ಸರ್ ಔಷಧವನ್ನೇ ನಿಷ್ಕ್ರಿಯಗೊಳಿಸುತ್ತವೆ. ಶಿಲೀಂಧ್ರಗಳು ರೋಗವನ್ನು ಉಲ್ಬಣಿಸುತ್ತವೆ ಎಂಬ 2019ರ ವರದಿಯನ್ನು 2023ರ ಮರುವಿಶ್ಲೇಷಣೆ ಪ್ರಶ್ನಿಸಿದೆ.

ಫ್ಲೋರೈಡ್ ಕಲೆ ಬೇರೆ: ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಭಾಗದ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದರಿಂದ ಹಲ್ಲಿನ ಮೇಲೆ ಮೂಡುವ ಕಲೆಗೆ ಸೂಕ್ಷ್ಮಾಣು ಕಾರಣವಲ್ಲ. ಹಲ್ಲುಜ್ಜುವಾಗ ರಕ್ತ, ವಸಡಿನ ಊತ, ಹಲ್ಲು ಅಲುಗಾಡುವುದು ವಸಡಿನ ರೋಗದ ಲಕ್ಷಣಗಳು. ‘ನೀರಿನ ದೋಷ’ವೆಂದು ಇವನ್ನೂ ಕಡೆಗಣಿಸದೆ ದಂತ ವೈದ್ಯರನ್ನು ಕಾಣಬೇಕು.

ಏನು ಮಾಡಬೇಕು?: ಧೂಮಪಾನವು ಈ ಕ್ಯಾನ್ಸರ್‌ಗೆ ಸಾಬೀತಾದ ಕಾರಣ, ಅದನ್ನು ಬಿಡುವುದೇ ಮೊದಲ ಎಚ್ಚರಿಕೆ. ಕ್ಯಾನ್ಸರ್ ತಡೆಯಲೆಂದು ತಾವಾಗಿಯೇ ಆ್ಯಂಟಿಬಯಾಟಿಕ್ ಸೇವಿಸುವುದು ಸಲ್ಲದು. ಈ ರೋಗ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ರೋಗಿಗೆ ಬೇರೆ ತಟ್ಟೆ, ಲೋಟ ಇಡುವ ಅಗತ್ಯವಿಲ್ಲ. ಕಾಮಾಲೆ, ಕಾರಣವಿಲ್ಲದೆ ತೂಕ ಇಳಿಯುವುದು, ಬೆನ್ನಿಗೆ ಹರಡುವ ಹೊಟ್ಟೆನೋವು, 50 ದಾಟಿದ ಬಳಿಕ ಹಠಾತ್ತನೆ ಕಾಣಿಸಿಕೊಂಡ ಮಧುಮೇಹ ಇದ್ದಲ್ಲಿ ತಪಾಸಣೆ ವಿಳಂಬಿಸಬಾರದು. ಕ್ಯಾನ್ಸರ್ ದೃಢಪಟ್ಟಲ್ಲಿ, 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಚಿಕಿತ್ಸೆ ಲಭ್ಯ.