ದೂರ ಪ್ರಯಾಣದ ಲಾರಿಗಳಲ್ಲಿ ಇರಬೇಕಾದ ಉಪಕರಣಗಳು ಮತ್ತು ರಸ್ತೆ ಬದಿಯ ದುರಸ್ತಿ: ಮಂಡ್ಯ, ಮದ್ದೂರು, ಮಳವಳ್ಳಿ ಮಾರ್ಗಗಳ ಚಾಲಕರು ಹಾಗೂ ಮಾಲೀಕರಿಗೆ ಮಾಹಿತಿ

ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಹೊರರಾಜ್ಯಗಳಿಗೆ ಹೊರಡುವ ಲಾರಿಗಳು, ಮಂಡ್ಯದ ಬೆಲ್ಲ ಮತ್ತು ಸಕ್ಕರೆ ಸಾಗಿಸುವ ಲಾರಿಗಳು ಹಾಗೂ ಹಂಗಾಮಿನಲ್ಲಿ ಕಾರ್ಖಾನೆಗಳ ಕಡೆಗೆ ಸಾಗುವ ಕಬ್ಬಿನ ವಾಹನಗಳು ಜಿಲ್ಲೆಯ ರಸ್ತೆಗಳಲ್ಲಿ ಹಗಲಿರುಳೂ ಸಂಚರಿಸುತ್ತವೆ. ಇವುಗಳಲ್ಲಿ ಯಾವುದಾದರೂ ಮಾರ್ಗಮಧ್ಯೆ ಕೆಟ್ಟು ನಿಲ್ಲುವುದು ಸಾಮಾನ್ಯ ಸಂಗತಿ. ವಾಹನ ಕೆಡುವುದು ಅಪರಾಧವಲ್ಲ. ಕೆಟ್ಟ ವಾಹನವನ್ನು ಇತರರ ಜೀವಕ್ಕೆ ಅಪಾಯವಾಗುವಂತೆ ನಿಲ್ಲಿಸುವುದು ಅಪರಾಧ. ರಸ್ತೆಯಲ್ಲೇ ಯಾವ ದುರಸ್ತಿ ಮಾಡಬಹುದು, ಯಾವುದನ್ನು ಮಾಡಬಾರದು ಎಂಬುದನ್ನು ಚಾಲಕರು ಹೊರಡುವ ಮೊದಲೇ ತಿಳಿದಿರುವುದು ಅಗತ್ಯ.

ಕಾನೂನಿನ ಅವಕಾಶಗಳು

ಮೋಟಾರು ವಾಹನ ಕಾಯ್ದೆ, 1988 ರ ಕಲಂ 122 ರನ್ವಯ ಅಪಾಯ, ಅಡಚಣೆ ಅಥವಾ ಅನಗತ್ಯ ತೊಂದರೆ ಉಂಟಾಗುವ ರೀತಿಯಲ್ಲಿ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸತಕ್ಕದ್ದಲ್ಲ. ಕಲಂ 201 ರ ಪ್ರಕಾರ ಸಂಚಾರಕ್ಕೆ ಅಡ್ಡಿಯಾಗುವಂತೆ ವಾಹನ ನಿಲ್ಲಿಸಿದವರಿಗೆ 500 ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಆದರೆ ವಾಹನವು ಅನಿರೀಕ್ಷಿತವಾಗಿ ಕೆಟ್ಟಿದ್ದು, ಅದನ್ನು ತೆರವುಗೊಳಿಸುವ ಕಾರ್ಯ ನಡೆಯುತ್ತಿದ್ದಲ್ಲಿ ಈ ದಂಡ ಅನ್ವಯಿಸುವುದಿಲ್ಲ. 2019 ರ ತಿದ್ದುಪಡಿಯಲ್ಲಿ ದೊರೆತ ಈ ವಿನಾಯಿತಿಯನ್ನು ಅನೇಕ ಚಾಲಕರು ಅರಿತಿಲ್ಲ. ತೆರವಿನ ಕಾರ್ಯ ನಡೆದಿದೆ ಎಂಬುದಕ್ಕೆ ಮಾಲೀಕರಿಗೆ, ಮೆಕ್ಯಾನಿಕ್‌ಗೆ ಅಥವಾ ಸಹಾಯವಾಣಿಗೆ ಕರೆ ಮಾಡಿದ ಸಮಯವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಕಲಂ 127 ರನ್ವಯ 10 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಯಾರೂ ಇಲ್ಲದೆ ಬಿಟ್ಟ ವಾಹನವನ್ನು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯು ಎಳೆಸಿ ತೆಗೆಸಬಹುದಾಗಿದ್ದು, ಅದರ ವೆಚ್ಚ ಮಾಲೀಕರ ಮೇಲೆ ಬರುತ್ತದೆ. ಆದ್ದರಿಂದ ಚಾಲಕನು ಬಿಡಿಭಾಗ ತರಲು ಮಂಡ್ಯಕ್ಕೋ ಮದ್ದೂರಿಗೋ ಹೋದಲ್ಲಿ ಕ್ಲೀನರ್ ವಾಹನದ ಬಳಿಯಲ್ಲೇ ಇರತಕ್ಕದ್ದು.

ಜೊತೆಯಲ್ಲಿರಬೇಕಾದ ಉಪಕರಣಗಳು

ಗಾಳಿ ತುಂಬಿದ ಸ್ಟೆಪ್ನಿ, ಹೊರೆ ಸಹಿತ ವಾಹನವನ್ನು ಎತ್ತಬಲ್ಲ ಜಾಕ್, ಗಾಲಿಯ ನಟ್ಟು ಬಿಚ್ಚುವ ಪಾನ ಮತ್ತು ಅದಕ್ಕೆ ತೊಡಿಸುವ ಪೈಪು, ರಿಂಗ್ ಪಾನಗಳ ಜೋಡಿ, ಸ್ಕ್ರೂಡ್ರೈವರ್, ಸುತ್ತಿಗೆ, ಟೈರಿನ ಗಾಳಿ ನೋಡುವ ಗೇಜು, ಬದಲಿ ಬಲ್ಬು ಮತ್ತು ಫ್ಯೂಸುಗಳು, ಫ್ಯಾನ್ ಬೆಲ್ಟ್, ಡೀಸೆಲ್ ಫಿಲ್ಟರ್, ಟಾರ್ಚು, ಪ್ರಥಮ ಚಿಕಿತ್ಸಾ ಪೆಟ್ಟಿಗೆ ಹಾಗೂ ಬೆಂಕಿ ನಂದಿಸುವ ಸಾಧನ ಇರಬೇಕು. ಇವಿಷ್ಟನ್ನು ಹೆಚ್ಚಿನ ಚಾಲಕರು ಇಟ್ಟುಕೊಂಡಿರುತ್ತಾರೆ. ಸಾಮಾನ್ಯವಾಗಿ ಮರೆತುಹೋಗುವುದು ಅಗ್ಗದ ಮೂರು ವಸ್ತುಗಳು: ಪ್ರತಿಫಲಿಸುವ ಎಚ್ಚರಿಕೆ ತ್ರಿಕೋನ, ಹೊಳೆಯುವ ಪಟ್ಟಿಯುಳ್ಳ ಮೇಲಂಗಿ ಮತ್ತು ಎರಡು ಮರದ ತುಂಡುಗಳು.

ಮರದ ತುಂಡುಗಳ ಅಗತ್ಯವನ್ನು ಈ ಜಿಲ್ಲೆಯಲ್ಲಿ ವಿಶೇಷವಾಗಿ ಹೇಳಬೇಕಾಗಿದೆ. ನಾಲೆಯ ನೀರು ಹರಿಯುವ ಗದ್ದೆ ಬಯಲಿನಲ್ಲಿ ರಸ್ತೆಯ ಅಂಚಿನ ಮಣ್ಣು ವರ್ಷದ ಬಹುಭಾಗ ಮೆತ್ತಗಿರುತ್ತದೆ. ಅಲ್ಲಿ ನೇರವಾಗಿ ನೆಲದ ಮೇಲಿಟ್ಟ ಜಾಕ್ ಹೊರೆಯ ಭಾರಕ್ಕೆ ಹೂತು ವಾಲುತ್ತದೆ. ಅಗಲವಾದ ಹಲಗೆಯ ಮೇಲೆ ಜಾಕ್ ಇರಿಸಿ, ನೆಲದ ಮೇಲಿರುವ ಗಾಲಿಗಳಿಗೆ ಮುಂದೆಯೂ ಹಿಂದೆಯೂ ಮರದ ತುಂಡು ಅಡ್ಡಲಾಗಿ ಕೊಟ್ಟ ನಂತರವೇ ವಾಹನವನ್ನು ಎತ್ತತಕ್ಕದ್ದು. ಕೇವಲ ಜಾಕ್ ಆಧಾರದ ಮೇಲೆ ನಿಂತ ವಾಹನದ ಕೆಳಗೆ ಯಾವ ಕಾರಣಕ್ಕೂ ಹೋಗತಕ್ಕದ್ದಲ್ಲ, ಕ್ಲೀನರ್‌ನನ್ನು ಕಳುಹಿಸತಕ್ಕದ್ದೂ ಅಲ್ಲ.

ವಾಹನ ಕೆಟ್ಟಾಗ ಮೊದಲ ಕೆಲಸ

ಎಂಜಿನ್ ನೋಡುವುದು ಮೊದಲ ಕೆಲಸವಲ್ಲ. ಸಾಧ್ಯವಾದಷ್ಟು ಎಡಕ್ಕೆ ಸರಿದು ನಾಲ್ಕೂ ಇಂಡಿಕೇಟರ್‌ಗಳನ್ನು ಒಟ್ಟಿಗೆ ಮಿನುಗಿಸಬೇಕು. ಬಳಿಕ ತ್ರಿಕೋನವನ್ನು ವಾಹನದ ಹಿಂದೆ ಇಡಬೇಕು. ಗಂಟೆಗೆ 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಕ್ರಮಿಸುತ್ತದೆ. 50 ಮೀಟರ್ ಹಿಂದೆ ಇಟ್ಟ ತ್ರಿಕೋನವು ಆ ಕಾರಿನ ಚಾಲಕನಿಗೆ ನೀಡುವ ಕಾಲಾವಕಾಶ ಎರಡು ಸೆಕೆಂಡಿಗಿಂತ ಕಡಿಮೆ. ಆದ್ದರಿಂದ ವೇಗದ ರಸ್ತೆಗಳಲ್ಲಿಯೂ ತಿರುವುಗಳಲ್ಲಿಯೂ ಅದನ್ನು ಇನ್ನೂ ದೂರದಲ್ಲಿ ಇರಿಸಬೇಕು.

ತ್ರಿಕೋನಕ್ಕೆ ಬದಲಾಗಿ ಕಲ್ಲು, ಸೊಪ್ಪಿನ ಕೊಂಬೆ ಇಡುವ ರೂಢಿ ಇದೆ. ಹಗಲಿನಲ್ಲಿ ಕೊಂಬೆ ಕಾಣಬಹುದು. ಇರುಳಿನಲ್ಲಿ ಕಲ್ಲು ಯಾರಿಗೂ ಕಾಣುವುದಿಲ್ಲ. ದುರಸ್ತಿ ಮುಗಿದ ಮೇಲೆ ಲಾರಿ ಹೊರಟುಹೋಗುತ್ತದೆ, ಕಲ್ಲು ರಸ್ತೆಯಲ್ಲೇ ಉಳಿಯುತ್ತದೆ. ಹಿಂದೆ ಬರುವ ದ್ವಿಚಕ್ರ ವಾಹನ ಸವಾರನ ಪಾಲಿಗೆ ಅದು ಕೆಟ್ಟು ನಿಂತ ಲಾರಿಗಿಂತಲೂ ಕ್ರೂರವಾದುದು. ಗಾಲಿಗೆ ಅಡ್ಡವಿಟ್ಟ ಕಲ್ಲಿಗೂ ಇದೇ ಮಾತು ಅನ್ವಯಿಸುತ್ತದೆ. ಸಾರ್ವಜನಿಕ ಮಾರ್ಗದಲ್ಲಿ ಅಪಾಯ ಅಥವಾ ಅಡಚಣೆ ಉಂಟುಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 285 ರ ಅಡಿ 5,000 ರೂಪಾಯಿಗಳವರೆಗೆ ದಂಡನೀಯವಾಗಿದೆ.

ಕಬ್ಬಿನ ವಾಹನಗಳಲ್ಲಿ ಹೊರಚಾಚಿದ ಜಲ್ಲೆಗಳು ಹಿಂಬದಿಯ ದೀಪ ಮತ್ತು ಪ್ರತಿಫಲಕಗಳನ್ನು ಮುಚ್ಚಿಬಿಡುತ್ತವೆ. ಹೊರೆಯು ವಾಹನದ ಅಂಚುಗಳನ್ನು ಮೀರಿ ಹೊರಚಾಚಿದ್ದಲ್ಲಿ ಕಲಂ 194(1ಎ) ಅನ್ವಯ 20,000 ರೂಪಾಯಿ ದಂಡ ಹಾಗೂ ಹೆಚ್ಚುವರಿ ಹೊರೆ ಇಳಿಸುವ ವೆಚ್ಚ ಭರಿಸಬೇಕಾಗುತ್ತದೆ.

ರಸ್ತೆಯಲ್ಲಿ ಮಾಡಬಹುದಾದ ಮತ್ತು ಮಾಡಬಾರದ ದುರಸ್ತಿಗಳು

ಗಾಲಿ ಬದಲಾಯಿಸುವುದು, ಬಲ್ಬು, ಫ್ಯೂಸು, ಫ್ಯಾನ್ ಬೆಲ್ಟ್ ಹಾಕುವುದು, ಸಡಿಲವಾದ ಪೈಪಿನ ಕ್ಲಿಪ್ಪು ಬಿಗಿಯುವುದು ಚಾಲಕನ ಕೈಗೆಟುಕುವ ಕೆಲಸಗಳು. ಬದಲಿಸಿದ ಗಾಲಿಯ ನಟ್ಟುಗಳನ್ನು 50 ರಿಂದ 100 ಕಿ.ಮೀ. ಸಾಗಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಸುಟ್ಟ ಫ್ಯೂಸಿನ ಜಾಗದಲ್ಲಿ ತಂತಿ ಸುತ್ತುವುದರಿಂದ ವಾಹನಕ್ಕೆ ಬೆಂಕಿ ತಗಲುವ ಸಂಭವವಿದೆ.

ಲಾಕ್ ರಿಂಗ್ ಇರುವ ರಿಮ್ಮಿನ ಟೈರಿಗೆ ರಸ್ತೆ ಬದಿಯಲ್ಲಿ ಗಾಳಿ ತುಂಬಬಾರದು. ಸರಿಯಾಗಿ ಕೂರದ ರಿಂಗ್ ಸಿಡಿದರೆ ಎದುರಿಗಿದ್ದವರ ಪ್ರಾಣ ಉಳಿಯುವುದು ಕಷ್ಟ. ಗಾಳಿ ಸೋರಿ ಬ್ರೇಕ್ ಹಿಡಿದುಕೊಂಡಾಗ ಹಿಂಬದಿಯ ಬ್ರೇಕ್ ಚೇಂಬರ್ ಬೋಲ್ಟು ತಿರುಗಿಸಿ ಬಿಡಿಸುವವರಿದ್ದಾರೆ. ಹಾಗೆ ಬಿಡಿಸಿದ ವಾಹನಕ್ಕೆ ನಿಲುಗಡೆಯ ಬ್ರೇಕ್ ಇರುವುದಿಲ್ಲವೆಂಬುದನ್ನು ಮರೆತು ಅದರ ಕೆಳಗೆ ಇರುವವರೂ ಇದ್ದಾರೆ. ಇದು ಮೆಕ್ಯಾನಿಕ್‌ನ ಕೆಲಸ. 2020 ರ ಏಪ್ರಿಲ್ 1 ರಿಂದ ಜಾರಿಯಾದ ಬಿಎಸ್-6 ಮಾನಕದ ಲಾರಿಗಳಲ್ಲಿ ಸೆನ್ಸರ್ ಮತ್ತು ಹೊಗೆ ಶುದ್ಧೀಕರಣ ವ್ಯವಸ್ಥೆಯ ದೋಷಗಳನ್ನು ಪಾನ ಹಿಡಿದು ಸರಿಪಡಿಸಲು ಆಗುವುದಿಲ್ಲ. ಹಳೆಯ ಲಾರಿಗಳಲ್ಲಿ ಪಳಗಿದ ಚಾಲಕರು ಇದನ್ನು ಒಪ್ಪಲು ಹಿಂಜರಿಯುತ್ತಾರೆ.

ಮಾರ್ಗಗಳ ಸ್ವರೂಪ

2023 ರ ಮಾರ್ಚ್ 12 ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯು (ರಾ.ಹೆ. 275) ಮದ್ದೂರು ಮತ್ತು ಮಂಡ್ಯ ಪಟ್ಟಣಗಳನ್ನು ಬಳಸಿ ಸಾಗುತ್ತದೆ. ಹಳೆಯ ರಸ್ತೆಯಲ್ಲಿದ್ದಂತೆ ಮುಖ್ಯ ಪಥದ ಅಂಚಿನಲ್ಲಿ ಪಂಚರ್ ಅಂಗಡಿಗಳಿಲ್ಲ. ವಾಹನ ನಿಧಾನವಾಗಿಯಾದರೂ ಚಲಿಸುವಂತಿದ್ದರೆ ಮುಂದಿನ ನಿರ್ಗಮನದಲ್ಲಿ ಸರ್ವಿಸ್ ರಸ್ತೆಗೆ ಇಳಿಯುವುದು ಉತ್ತಮ. ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033, ಪೊಲೀಸ್ ಹಾಗೂ ತುರ್ತು ನೆರವು 112, ಆಂಬುಲೆನ್ಸ್ 108. ಸಾತನೂರು, ಹಲಗೂರು ಮೂಲಕ ಮಳವಳ್ಳಿಗೆ ಬರುವ ರಾ.ಹೆ. 948 ರಲ್ಲಿ ಕಾಡಿನಂಚಿನ ತಿರುವುಗಳಿದ್ದು, ರಾತ್ರಿ ವೇಳೆ ಅಲ್ಲಿ ದುರಸ್ತಿಗೆ ತೊಡಗದೆ ಊರು ಸೇರಿ ನಿಲ್ಲುವುದು ಸೂಕ್ತ.

ಅರ್ಹತಾ ಪತ್ರ

ಸಾರಿಗೆ ವಾಹನಗಳಿಗೆ 8 ವರ್ಷದವರೆಗೆ 2 ವರ್ಷಗಳಿಗೊಮ್ಮೆ, ಆನಂತರ ಪ್ರತಿ ವರ್ಷ ಅರ್ಹತಾ ಪತ್ರ (ಎಫ್.ಸಿ.) ನವೀಕರಿಸತಕ್ಕದ್ದು. ರಸ್ತೆಯಲ್ಲಿ ತಾತ್ಕಾಲಿಕವಾಗಿ ಮಾಡಿದ ದುರಸ್ತಿಗಳನ್ನು, ಮುಖ್ಯವಾಗಿ ಬ್ರೇಕ್, ಸ್ಟೀರಿಂಗ್ ಮತ್ತು ಹಿಂಬದಿಯ ದೀಪಗಳಿಗೆ ಸಂಬಂಧಿಸಿದವುಗಳನ್ನು, ತಪಾಸಣೆಗೆ ಮೊದಲೇ ಪೂರ್ಣವಾಗಿ ಸರಿಪಡಿಸಿ, ಪ್ರತಿಫಲಕ ಪಟ್ಟಿಗಳ ಕೆಸರು ತೊಳೆದು ವಾಹನವನ್ನು ಹಾಜರುಪಡಿಸತಕ್ಕದ್ದು.