ಕತ್ತರಿಗೆ ಮೊದಲು ದೀಪ

ಕಡಲ ದಂಡೆಯಲ್ಲಿ ಸಿಕ್ಕ ಬಾಟಲಿಯ ಬಿರಡೆ ತೆಗೆದೊಡನೆ ಹೊಗೆ ಏಳುತ್ತದೆ. ಹೊಗೆಯೊಳಗಿಂದ ಬೆಟ್ಟದಷ್ಟು ಎತ್ತರದ ಜಿನ್ ಎದ್ದು ನಿಲ್ಲುತ್ತಾನೆ, ಅವನ ಕಾಲ ಬುಡದಲ್ಲಿ ಇರುವೆಯಷ್ಟು ಚಿಕ್ಕವನಾಗಿ ಒಬ್ಬ ಹುಡುಗ. 1940ರ ‘ದಿ ಥೀಫ್ ಆಫ್ ಬಗ್ದಾದ್’ ಚಿತ್ರದ ಈ ಹುಡುಗ ನಮ್ಮ ಕಾರಾಪುರದ ಸಾಬು, ಮೈಸೂರು ಸಂಸ್ಥಾನದ ಮಾವುತನ ಮಗ. ಇಬ್ಬರು ನಟರನ್ನೂ ಬೇರೆ ಬೇರೆಯಾಗಿ ಚಿತ್ರಿಸಿ, ಒಂದೇ ಫ್ರೇಮಿಗೆ ತಂದು ಕೂರಿಸಿದವರು ಲ್ಯಾರಿ ಬಟ್ಲರ್. ಬಣ್ಣದ ಚಿತ್ರದಲ್ಲಿ ನೀಲಿ ಪರದೆಯ ಬಳಕೆ ಅಲ್ಲಿಂದಲೇ ಬೇರೂರಿತು, ಬಟ್ಲರ್ ಅವರಿಗೆ ಆಸ್ಕರ್ ಕೂಡ ಬಂತು. ಈ ಕಸುಬಿನ ಕಥೆಯನ್ನು ಸಾಮಾನ್ಯವಾಗಿ ಕತ್ತರಿ ಹರಿತವಾಗುತ್ತಾ ಬಂದ ಕಥೆಯಾಗಿ ಹೇಳುತ್ತಾರೆ: ಮೊದಲು ಮೊಂಡು, ಆಮೇಲೆ ಚೂಪು, ಈಗ ಕಂಪ್ಯೂಟರು. ನನಗೆ ಅದು ಸರಿಯೆನಿಸುವುದಿಲ್ಲ. ಚಲಿಸುವ ಮನುಷ್ಯನನ್ನು ಹಿನ್ನೆಲೆಯಿಂದ ಬಿಡಿಸಿದ್ದು ದೀಪ. ಕ್ಯಾಮೆರಾ ತಿರುಗುವ ಮೊದಲೇ ಬೆಳಕು ಇಬ್ಭಾಗ ಮಾಡಿಟ್ಟದ್ದನ್ನು ಕತ್ತರಿ ಎತ್ತಿಕೊಂಡಿತು, ಅಷ್ಟೆ.

ನಿಂತ ಗೆರೆ ಯಾವತ್ತೂ ಕಷ್ಟವಾಗಿರಲಿಲ್ಲ. 1903ರಲ್ಲಿ ಎಡ್ವಿನ್ ಪೋರ್ಟರ್ ‘ದಿ ಗ್ರೇಟ್ ಟ್ರೈನ್ ರಾಬರಿ’ಯಲ್ಲಿ ಫ್ರೇಮಿನ ಒಂದು ಭಾಗವನ್ನು ಮುಚ್ಚಿ ಚಿತ್ರಿಸಿ, ಆಮೇಲೆ ಅದೇ ಜಾಗದಲ್ಲಿ ಕಿಟಕಿಯಾಚೆ ಓಡುವ ರೈಲನ್ನು ತುಂಬಿದ್ದರು. ಕಿಟಕಿ ಅಲುಗಾಡುವುದಿಲ್ಲ, ಹಾಗಾಗಿ ಮುಚ್ಚಿದ ಭಾಗವೂ ಅಲುಗಾಡಬೇಕಿಲ್ಲ. ಮನುಷ್ಯ ಕೈ ಬೀಸಿದಾಗ, ತಲೆ ತಿರುಗಿಸಿದಾಗ ಸೆಕೆಂಡಿಗೆ ಇಪ್ಪತ್ನಾಲ್ಕು ಸಲ ಹೊಸ ಆಕಾರದ ಮರೆ ಬೇಕು. ಇದಕ್ಕೆ ದಾರಿ ಹುಡುಕಿ 1918ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಫ್ರಾಂಕ್ ವಿಲಿಯಮ್ಸ್, ನಟನನ್ನು ಕಪ್ಪು ಪರದೆಯ ಮುಂದೆ ನಿಲ್ಲಿಸಿ ಮೇಲೆ ಚೆನ್ನಾಗಿ ಬೆಳಕು ಬಿಟ್ಟರು. ಆ ಚಿತ್ರವನ್ನು ನಡುವಣ ಛಾಯೆಗಳೆಲ್ಲ ಅಳಿಯುವ ತನಕ ಪ್ರತಿ ತೆಗೆದರೆ ಬರೀ ಆಕೃತಿಯ ನೆರಳು ಉಳಿಯುತ್ತದೆ. ಅದೇ ಮ್ಯಾಟ್, ನಟನ ಜೊತೆಜೊತೆಗೇ ಚಲಿಸುವ ಮರೆ. ಆದರೆ ನಟನ ಅಂಗಿಯ ಮಡಿಕೆಯಲ್ಲಿ ನೆರಳು ಬಿದ್ದರೆ ಅಲ್ಲೂ ತೂತು! 1933ರ ‘ದಿ ಇನ್‌ವಿಸಿಬಲ್ ಮ್ಯಾನ್’ನಲ್ಲಿ ಜಾನ್ ಫುಲ್ಟನ್ ಈ ದೋಷವನ್ನೇ ಗುಣ ಮಾಡಿಕೊಂಡರು. ನಟನ ತಲೆಗೂ ಕೈಗೂ ಕಪ್ಪು ಮಖಮಲ್ಲು ಸುತ್ತಿ ಕಪ್ಪು ಮಖಮಲ್ಲಿನ ಮುಂದೆ ನಡೆಸಿದಾಗ ಉಳಿದದ್ದು ಅಂಗಿ ಮಾತ್ರ. ಅದೇ ಹೊತ್ತಿಗೆ ಡಾಡ್ಜ್ ಡನ್ನಿಂಗ್ ಅವರ ವಿಧಾನವೂ ಬಳಕೆಯಲ್ಲಿತ್ತು. ಅದರಲ್ಲಿ ನಟನ ಮೇಲೆ ಹಳದಿ ಬೆಳಕು, ಹಿಂದಿನ ಪರದೆಯ ಮೇಲೆ ನೀಲಿ ಬೆಳಕು. ಕಪ್ಪು-ಬಿಳುಪು ಫಿಲ್ಮಿಗೆ ಎರಡೂ ಬೂದು ಬಣ್ಣವೇ, ಆದ್ದರಿಂದ ಪ್ರೇಕ್ಷಕನಿಗೆ ಗುಟ್ಟು ಕಾಣುತ್ತಿರಲಿಲ್ಲ.

ಬಣ್ಣದ ಫಿಲ್ಮು ಈ ಗುಟ್ಟನ್ನು ಬಯಲು ಮಾಡಿತು. ಚರ್ಮದಲ್ಲಿ ನೀಲಿ ಅಂಶ ಕಡಿಮೆ ಎಂಬುದನ್ನು ನಂಬಿ ಬಟ್ಲರ್ ಪರದೆಗೆ ನೀಲಿ ಹಿಡಿದರು. ಆದರೆ ನೀಲಿಯ ಬೆಳಕು ಪರದೆಯಲ್ಲೇ ಸುಮ್ಮನಿರದೆ ಸೋರಿ ಭುಜಕ್ಕೆ, ಕೂದಲಿಗೆ ಮೆತ್ತಿಕೊಳ್ಳುತ್ತದೆ. ಅದಕ್ಕೇ ಆ ಕಾಲದ ಚಿತ್ರಗಳಲ್ಲಿ ಆಕೃತಿಯ ಸುತ್ತ ಒಂದು ಗೆರೆ ಹೊಳೆಯುತ್ತದೆ. ಇದಕ್ಕೆ ಸಿಕ್ಕ ಅತ್ಯಂತ ಸುಂದರ ಉತ್ತರ ಸೋಡಿಯಂ ದೀಪ. ಬಿಳಿ ಪರದೆಯ ಮೇಲೆ ಬಿಡುವ ಹಳದಿ ಬೆಳಕು ಸುಮಾರು 589 ನ್ಯಾನೊಮೀಟರಿನ ಒಂದೇ ತೆಳು ಎಳೆ. ನಟರ ಮೇಲಿನ ದೀಪಗಳಿಂದ ಆ ಎಳೆಯನ್ನಷ್ಟೇ ಸೋಸಿ ತೆಗೆಯುತ್ತಿದ್ದರು. ಕ್ಯಾಮೆರಾದೊಳಗಿನ ಪ್ರಿಸಂ ಬೆಳಕನ್ನು ಸೀಳಿ ಒಂದು ಫಿಲ್ಮಿಗೆ ಬಣ್ಣದ ಚಿತ್ರವನ್ನೂ ಇನ್ನೊಂದಕ್ಕೆ ಸೋಡಿಯಂ ಎಳೆಯನ್ನೂ ಕಳುಹಿಸುತ್ತಿತ್ತು. ಅಂದರೆ ಮ್ಯಾಟ್ ಚಿತ್ರೀಕರಣದ ಕ್ಷಣದಲ್ಲೇ ಸಿದ್ಧ. 1964ರ ‘ಮೇರಿ ಪಾಪಿನ್ಸ್’ನಲ್ಲಿ ಕಾರ್ಟೂನ್ ತೋಟದ ನಡುವೆ ಜೂಲಿ ಆಂಡ್ರ್ಯೂಸ್ ನಡೆದಾಡುವಾಗ ಅವರ ಟೋಪಿಯ ತೆಳುಬಲೆಯನ್ನು ನೋಡಬೇಕು. ಬಲೆಯ ಕಣ್ಣುಗಳೊಳಗಿಂದಲೂ ಹಿಂದಿನ ಚಿತ್ರ ಇಣುಕುತ್ತದೆ. ಅರವತ್ತು ವರ್ಷಗಳ ಹಿಂದಿನ ಈ ಅಂಚು ಇಂದಿನ ಎಷ್ಟೋ ಅಂಚುಗಳಿಗಿಂತ ಮೃದುವಾಗಿದೆ.

ಅಷ್ಟು ಒಳ್ಳೆಯದಾದರೆ ಅದು ಏಕೆ ಮರೆಯಾಯಿತು ಎಂದು ಕೇಳಬಹುದು. ಆ ಪ್ರಿಸಂ ತೀರಾ ಅಪರೂಪದ್ದು, ವಿಶೇಷ ಕ್ಯಾಮೆರಾ ಬೇರೆ ಬೇಕು. ನೀಲಿ ಬಣ್ಣವಾದರೆ ಯಾವ ಅಂಗಡಿಯಲ್ಲೂ ಸಿಗುತ್ತದೆ, ಯಾವ ಕ್ಯಾಮೆರಾಕ್ಕೂ ಒಗ್ಗುತ್ತದೆ. ಸೋಡಿಯಂ ವಿಧಾನವನ್ನು ಪಳಗಿಸಿದ ಪೆಟ್ರೊ ವ್ಲಾಹೋಸ್ ಅವರೇ 1959ರ ‘ಬೆನ್-ಹರ್’ಗಾಗಿ ನೀಲಿ ಪರದೆಯನ್ನೂ ಸುಧಾರಿಸಿದ್ದರು. ಗೆದ್ದದ್ದು ಅದೇ, ಅನುಕೂಲದ ಬಲದಿಂದ. ಡಿಜಿಟಲ್ ಕಾಲದಲ್ಲಿ ನೀಲಿ ಹೋಗಿ ಹಸಿರು ಬಂದದ್ದಕ್ಕೂ ಕಾರಣ ಅನುಕೂಲವೇ: ಸಾಮಾನ್ಯ ಸೆನ್ಸರಿನ ಬಿಂದುಗಳಲ್ಲಿ ಅರ್ಧದಷ್ಟು ಹಸಿರಿಗೇ ಮೀಸಲು.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ದೀಪದ ಹಂಗಿಲ್ಲದೆ ಕೈಯಲ್ಲೇ ಕತ್ತರಿಸುವ ಪರಂಪರೆಯೂ ಇದೆಯಲ್ಲ? ನಿಜ. ಮ್ಯಾಕ್ಸ್ ಫ್ಲೈಷರ್ 1917ರಲ್ಲಿ ಪೇಟೆಂಟ್ ಪಡೆದ ರೊಟೊಸ್ಕೋಪಿನ ವಂಶ ಇವತ್ತಿಗೂ ‘ರೊಟೊ’ ಎಂಬ ಹೆಸರಿನಲ್ಲಿ ಬದುಕಿದೆ. ಹಾಲಿವುಡ್ಡಿನ ಆ ಕೆಲಸದ ದೊಡ್ಡ ಪಾಲು ಬೆಂಗಳೂರು, ಹೈದರಾಬಾದ್, ಚೆನ್ನೈ, ಮುಂಬಯಿಗಳ ಮೇಜುಗಳ ಮೇಲೆ ನಡೆಯುತ್ತಾ ಬಂದಿದೆ. ಹತ್ತು ಸೆಕೆಂಡಿನ ಶಾಟ್ ಎಂದರೆ 240 ಫ್ರೇಮು. ಭುಜಕ್ಕೊಂದು, ಮೊಣಕೈಗೊಂದು, ಬೆರಳುಗಳಿಗೊಂದೊಂದು ಗೆರೆ ಎಳೆದು, ಮುಂದಿನ ಫ್ರೇಮುಗಳಲ್ಲಿ ಅವನ್ನು ಒಂದೊಂದಾಗಿ ಸರಿಸಬೇಕು. ಆ ತಾಳ್ಮೆಗೆ ಸಲ್ಲಬೇಕಾದ ಗೌರವ ಸಂದಿಲ್ಲ. ಆದರೂ ಗಾಳಿಗೆ ಹಾರುವ ಮುಂಗುರುಳಿಗೆ ಗೆರೆ ಎಳೆಯಲು ಆ ಕೈಗೂ ಆಗುವುದಿಲ್ಲ. ಬೀಸಿದ ಕೈ ಮಸುಕಾದಾಗ ಅಲ್ಲಿ ಗೆರೆಯೇ ಇರುವುದಿಲ್ಲ, ಕೈ ಮತ್ತು ಹಿನ್ನೆಲೆ ಒಂದೇ ಬಿಂದುವಿನಲ್ಲಿ ಬೆರೆತಿರುತ್ತವೆ.

ಈಗ ಫೋನೇ ಪರದೆಯಿಲ್ಲದೆ ಮನುಷ್ಯನನ್ನು ಬಿಡಿಸುತ್ತದೆ, ಹಾಗಾದರೆ ದೀಪದ ಕಾಲ ಮುಗಿಯಿತೆ? ಆ ವಿದ್ಯೆ ಅದಕ್ಕೆ ಎಲ್ಲಿಂದ ಬಂತು ಎಂದು ನೋಡಬೇಕು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ತಂತ್ರಾಂಶಕ್ಕೆ ಪಾಠ ಹೇಳಲು ಕಟ್ಟಿದ ಸಂಗ್ರಹದಲ್ಲಿ 484 ವಿಡಿಯೊಗಳಿವೆ, ಸುಮಾರು 2,40,000 ಫ್ರೇಮುಗಳು. ಅವೆಲ್ಲ ಹಸಿರು ಪರದೆಯ ಮುಂದೆ ತೆಗೆದವು. ಕೂದಲೆಳೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ಯಂತ್ರಕ್ಕೆ ಕಲಿಸಿದ್ದು ಆ ಪರದೆಗೆ ಬಿಟ್ಟ ಬೆಳಕೇ. 2023ರಲ್ಲಿ ನೆಟ್‌ಫ್ಲಿಕ್ಸಿನ ಸಂಶೋಧಕರು ನಟರ ಮೇಲೆ ಕೆಂಪು ಮತ್ತು ನೀಲಿ ಬೆರೆತ ಬೆಳಕನ್ನು ಮಾತ್ರ ಬಿಟ್ಟು, ಹಿಂದಿನ ಪರದೆಯನ್ನು ಹಸಿರಿನಿಂದ ಬೆಳಗಿದರು. ಕ್ಯಾಮೆರಾದ ಹಸಿರು ವಾಹಿನಿಯೇ ಮ್ಯಾಟ್ ಆಯಿತು, ಮುಖಕ್ಕೆ ತಪ್ಪಿಹೋದ ಹಸಿರನ್ನು ಕಲಿತ ಯಂತ್ರ ಮರಳಿ ತುಂಬಿತು. ನಟನಿಗೆ ಒಂದು ಬಣ್ಣ, ಪರದೆಗೆ ಇನ್ನೊಂದು: ಹಳದಿ ದೀಪದಡಿ ನಟರನ್ನು ನಿಲ್ಲಿಸಿದ್ದ ಡನ್ನಿಂಗ್ ಈ ಸ್ಟುಡಿಯೊಗೆ ಕಾಲಿಟ್ಟಿದ್ದರೆ ಯಾವ ದೀಪ ಯಾವುದಕ್ಕೆ ಎಂದು ಯಾರನ್ನೂ ಕೇಳಬೇಕಾಗುತ್ತಿರಲಿಲ್ಲ.