ಸರಾಸರಿ ಮಗು ಯಾರ ಮಗು?

ಸ್ಕಾಟ್ಲೆಂಡಿನ ಸಿಪಾಯಿಗಳ ಎದೆಯಳತೆಗೂ ನಮ್ಮ ಮನೆಯ ಕೂಸಿನ ಬೆಳವಣಿಗೆಯ ಕಾರ್ಡಿಗೂ ಎಲ್ಲಿಯ ನಂಟು ಎಂದು ವಾಚಕರು ಕೇಳಬಹುದು. ನಂಟುಂಟು. ಬೆಲ್ಜಿಯಮ್ಮಿನ ಖಗೋಳಶಾಸ್ತ್ರಜ್ಞ ಕ್ವೆಟ್ಲೆ 1846ರ ತನ್ನ ಗ್ರಂಥದಲ್ಲಿ ಐದು ಸಾವಿರಕ್ಕೂ ಮಿಕ್ಕ ಸಿಪಾಯಿಗಳ ಎದೆಯ ಸುತ್ತಳತೆಯನ್ನು ಜೋಡಿಸಿ ನೋಡಿದನು. ಸರಾಸರಿ ಸುಮಾರು 40 ಅಂಗುಲ. ಉಳಿದ ಅಳತೆಗಳು ಅದರ ಆಚೀಚೆ ಗಂಟೆಯ ಆಕಾರದಲ್ಲಿ ಹರಡಿದ್ದವು. ನಕ್ಷತ್ರದ ಸ್ಥಾನವನ್ನು ಅಳೆಯುವಾಗ ಆಗುವ ತಪ್ಪುಗಳು ಹರಡುವುದೂ ಹೀಗೆಯೇ. ಆದ್ದರಿಂದ ಸರಾಸರಿ ಮನುಷ್ಯನೇ ಪ್ರಕೃತಿಯ ಗುರಿ, ಮಿಕ್ಕವರೆಲ್ಲ ಅದರ ಕೈತಪ್ಪು ಎಂದು ಆತ ಬಗೆದನು. ನಮ್ಮಂಥ ಗುಮಾಸ್ತರಿಗೆ ಸರಾಸರಿಯೆಂದರೆ ಮಾಸಿಕ ವರದಿಯ ಕೊನೆಯ ಸಾಲು. ಆತನಿಗೆ ಅದು ದೇವರ ಅಚ್ಚು!

ಹರವಿಗೂ ಮರ್ಯಾದೆ ಸಿಗಲು ಇನ್ನರ್ಧ ಶತಮಾನ ಬೇಕಾಯಿತು. 1893ರಲ್ಲಿ ಲಂಡನ್ನಿನ ಕಾರ್ಲ್ ಪಿಯರ್ಸನ್ ಅದರ ಅಳತೆಗೆ ಸ್ಟ್ಯಾಂಡರ್ಡ್ ಡೀವಿಯೇಷನ್ ಎಂದು ಹೆಸರಿಟ್ಟನು. ನಮ್ಮ ಪಠ್ಯಗಳಲ್ಲಿ ಅದು ಮಾನಕ ವಿಚಲನೆ.

ಇನ್ನು ಮಕ್ಕಳ ವಿಷಯ. ಅಮೆರಿಕದಲ್ಲಿ 1977ರಲ್ಲಿ ಸಿದ್ಧವಾದ ಪಟ್ಟಿಯನ್ನೇ ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿಗೆಲ್ಲ ಶಿಫಾರಸು ಮಾಡಿತ್ತು. ಅದರಲ್ಲಿದ್ದ ಹಸುಗೂಸುಗಳು ಓಹಾಯೋ ರಾಜ್ಯದ ಒಂದು ಊರಿನ ಸುತ್ತಿನವು, ಹೆಚ್ಚಿನವು ಬಾಟಲಿ ಹಾಲು ಕುಡಿದವು. ತಾಯಿಯ ಹಾಲಿನ ಮಗು ಆ ಗೆರೆಗಿಂತ ಕೆಳಗೆ ಇಳಿದರೆ ತಾಯಿಗೆ ಹಾಲು ಸಾಲದೆಂದು ಶಂಕೆ! ಯಾರ ಸರಾಸರಿ ಎಂಬುದನ್ನು ಕೇಳದೆ ಪಟ್ಟಿ ಓದಿದರೆ ಹೀಗೆಯೇ.

1997ರಿಂದ 2003ರವರೆಗೆ ಸಂಸ್ಥೆಯು ಹೊಸದಾಗಿ ಅಳೆಯಿತು. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕಗಳ ಜೊತೆಗೆ ನಮ್ಮ ದಕ್ಷಿಣ ದೆಹಲಿಯ ಅನುಕೂಲಸ್ಥ ಬಡಾವಣೆಗಳೂ ಇದ್ದವು. ಮಕ್ಕಳು ಸುಮಾರು 8,500. ತಾಯಿಹಾಲು ಕುಡಿದವರು, ಧೂಮಪಾನ ಮಾಡದ ತಾಯಂದಿರ ಮಕ್ಕಳು. ಎತ್ತರದ ಒಟ್ಟು ವ್ಯತ್ಯಾಸದಲ್ಲಿ ದೇಶದೇಶದ ನಡುವಿನದು ಸುಮಾರು ಶೇಕಡಾ 3 ಮಾತ್ರ. ಒಂದೇ ಊರಿನ ಮಗುಮಗುವಿನ ನಡುವಿನದು ಸುಮಾರು ಶೇಕಡಾ 70. ಕುಳ್ಳತನ ನಮ್ಮ ರಕ್ತದಲ್ಲೇ ಇದೆ ಎನ್ನುವವರು ಈ ಎರಡು ಅಂಕಿಗಳನ್ನು ನೋಡಬೇಕು.

2006ರಲ್ಲಿ ಪ್ರಕಟವಾದ ಈ ಪಟ್ಟಿಯ ಪ್ರಕಾರ ಎರಡು ವರ್ಷ ತುಂಬಿದ ಗಂಡುಮಗುವಿನ ನಡುಮಟ್ಟದ ಎತ್ತರ 87.1 ಸೆಂಟಿಮೀಟರ್, ಮಾನಕ ವಿಚಲನೆ ಸುಮಾರು 3. ಅಂದರೆ ಮೂವರಲ್ಲಿ ಇಬ್ಬರು 84ಕ್ಕೂ 90ಕ್ಕೂ ನಡುವೆ ಇರುತ್ತಾರೆ. ನೆರೆಮನೆಯ ಹುಡುಗ 89, ನಮ್ಮವನು 85 ಎಂದು ಟಾನಿಕ್ಕಿಗೆ ಓಡಬೇಕಾಗಿಲ್ಲ. ಎರಡು ವಿಚಲನೆ ಕೆಳಗಿನ 81, ಕುಂಠಿತ ಬೆಳವಣಿಗೆಯ ಗೆರೆ. ಆರೋಗ್ಯವಂತ ಮಕ್ಕಳಲ್ಲೂ ನೂರಕ್ಕೆ ಎರಡು ಮೂರು ಅದರ ಕೆಳಗೆ ಇರುತ್ತವೆ.

ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಆಯಾ ವಯಸ್ಸಿನ ಗೆರೆಯ ಕೆಳಗಿದ್ದವರು ದೇಶದಲ್ಲಿ ಶೇಕಡಾ 35.5, ನಮ್ಮ ಕರ್ನಾಟಕದಲ್ಲಿ 35.4. ಇಷ್ಟು ಮಂದಿ ಕೆಳಗಿದ್ದಾರೆಂದರೆ ಬಾಲ ಉದ್ದವಾಗಿದೆ ಎಂದಷ್ಟೇ ಅಲ್ಲ, ಇಡೀ ಗಂಟೆಯೇ ಎಡಕ್ಕೆ ಸರಿದಿದೆ. 82ರಲ್ಲಿ ನಿಂತ ಹುಡುಗ ಯಾವ ಎಣಿಕೆಗೂ ಸಿಗುವುದಿಲ್ಲ. ಅವನ ತಟ್ಟೆಯಲ್ಲೂ ಏನೋ ಕಡಿಮೆಯಿದ್ದೀತು.